ಮ್ಯಾಶ್‌ನ ನಡುವೆ ಒಂದು ಗುಳಿ

ಒಂದು ಮಾತು ನನ್ನನ್ನು ಹತ್ತು ವರ್ಷದಿಂದ ಕಾಡುತ್ತಿದೆ. ಆಡಿದ್ದು ನಾನೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಬಂದ ಮೊದಲ ವರ್ಷ. ನವೆಂಬರ್ ತಿಂಗಳು, ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು, "ನೀನು ಇನ್ನೂ ನಮ್ಮ ಊಟ ಸರಿಯಾಗಿ ಮಾಡೇ ಇಲ್ಲ, ಬಾ" ಅಂತ ಡಿಗ್‌ಬೆತ್ ಕಡೆಯ ಒಂದು ಸಣ್ಣ ಹೋಟೆಲಿಗೆ ಕರೆದುಕೊಂಡು ಹೋದರು. ಅವರು ಪ್ರೀತಿಯಿಂದ ತರಿಸಿಕೊಟ್ಟ ತಟ್ಟೆಯ ಮುಂದೆ ಕೂತು, ಎರಡು ತುತ್ತು ತಿಂದು, ನಾನು ಹೇಳಿದೆ: "ಮೆಣಸು ಹುಡುಕಿಕೊಂಡು ನಮ್ಮ ದೇಶದ ತನಕ ಬಂದಿರಿ. ತಂದ ಮೆಣಸನ್ನು ಊಟಕ್ಕೆ ಯಾಕೆ ಹಾಕಲಿಲ್ಲ?"

ನಮ್ಮವರು ನಾಲ್ಕು ಜನ ಸೇರಿದ ಕಡೆಯೆಲ್ಲ ಈ ಮಾತು ಬರುತ್ತೆ, ಎಲ್ಲರೂ ನಗುತ್ತಾರೆ. ಅವರು ನಗಲಿಲ್ಲ. ಕೋಪವನ್ನೂ ಮಾಡಿಕೊಳ್ಳಲಿಲ್ಲ. ಫೋರ್ಕ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರಮ್ಮನ ಬಗ್ಗೆ ಹೇಳಿದರು. ಅದನ್ನು ಮುಂದೆ ಬರೆಯುತ್ತೇನೆ. ಅದಕ್ಕೂ ಮೊದಲು ಆ ತಟ್ಟೆಯ ಬಗ್ಗೆ ಹೇಳಬೇಕು. ತಪ್ಪು ನನ್ನ ಬಾಯಿಂದ ಬಂದಿದ್ದು ನಿಜ, ಆದರೆ ಅದು ಶುರುವಾಗಿದ್ದು ನಾನು ಆ ತಟ್ಟೆಯನ್ನು ತಿಂದ ರೀತಿಯಲ್ಲಿ. ಅಷ್ಟು ಅರ್ಥ ಆಗೋಕೆ ನನಗೆ ನಾಲ್ಕು ವರ್ಷ ಬೇಕಾಯಿತು, ಜೊತೆಗೆ ನಮ್ಮಮ್ಮ ಹಾಸನದಿಂದ ಬರಬೇಕಾಯಿತು.

ಹೋಟೆಲು ದೊಡ್ಡದೇನಲ್ಲ. ಹನ್ನೆರಡೋ ಹದಿನಾಲ್ಕೋ ಮೇಜು, ಒಂದರ ಹಾಗೆ ಒಂದಿಲ್ಲದ ಕುರ್ಚಿಗಳು, ಗೋಡೆಯ ಮೇಲಿನ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಲ್ಲಿ ಬರೆದ ಅವತ್ತಿನ ಪೈಗಳ ಹೆಸರು. ಒಳಗಿನ ಬಿಸಿಗೆ ಕಿಟಕಿ ಗಾಜಿನ ತುಂಬ ಹಬೆ ಕೂತಿರುತ್ತೆ, ಹೊರಗಿನ ಬಸ್ಸುಗಳು ಬರೀ ಕೆಂಪು ಹಳದಿ ಬೆಳಕಾಗಿ ಕಾಣುತ್ತವೆ. ಪ್ರತಿ ಮೇಜಿನ ಮೇಲೂ ಉಪ್ಪು, ಮೆಣಸಿನ ಪುಡಿ, ಮಾಲ್ಟ್ ವಿನೆಗರ್ ಮತ್ತು ಒಂದು ಬ್ರೌನ್ ಸಾಸ್ ಬಾಟಲಿ. ನೀವು ಏನು ಕೇಳಿದರೂ ಕೊನೆಗೆ ತಟ್ಟೆಗೆ ಬರೋದು ಹೆಚ್ಚು ಕಡಿಮೆ ಇಷ್ಟೇ: ಒಂದು ಪೈ (ಹಿಟ್ಟಿನ ಹೊದಿಕೆಯೊಳಗೆ ಹೂರಣ ಇಟ್ಟು ಬೇಯಿಸಿದ್ದು) ಅಥವಾ ಎರಡು ಸಾಸೇಜ್, ಪಕ್ಕದಲ್ಲಿ ಮ್ಯಾಶ್, ಅಂದರೆ ಬೇಯಿಸಿ ಹಿಸುಕಿದ ಆಲೂಗಡ್ಡೆಯ ಗುಡ್ಡ, ಬಟಾಣಿ, ಗ್ರೇವಿ. ನಾನು ಅವತ್ತು ತಿಂದಿದ್ದು ಗ್ಲಾಮೋರ್ಗನ್ ಸಾಸೇಜ್. ಹೆಸರು ಸಾಸೇಜ್ ಆದರೂ ಮಾಂಸ ಇಲ್ಲ. ಚೀಸ್, ಲೀಕ್ ಅನ್ನೋ ಈರುಳ್ಳಿ ಜಾತಿಯ ಸೊಪ್ಪು ಮತ್ತು ಬ್ರೆಡ್ ಪುಡಿ ಸೇರಿಸಿ ಕರಿದದ್ದು, ವೇಲ್ಸ್ ಕಡೆಯ ತಿಂಡಿ. ಅದನ್ನು ಕತ್ತರಿಸಿ ತಿಂದೆ. ಆಮೇಲೆ ಮ್ಯಾಶ್ ತಿಂದೆ. ಆಮೇಲೆ ಬಟಾಣಿ ತಿಂದೆ. ಒಂದಾದ ಮೇಲೆ ಒಂದು, ಬೇರೆ ಬೇರೆಯಾಗಿ. ಗ್ರೇವಿ ಜಗ್ ಮುಟ್ಟಲೇ ಇಲ್ಲ, ಅದರಲ್ಲಿ ಮಾಂಸದ ರಸ ಇರುತ್ತೆ ಅಂತ. ಆಮೇಲೆ ಸಪ್ಪೆ ಅಂದೆ.

ಹತ್ತರಿಂದ ಇಪ್ಪತ್ತೈದು

ಸಹೋದ್ಯೋಗಿ ಹೇಳಿದ್ದು ಇದು. ಅವರಮ್ಮ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್‌ನಲ್ಲಿ ಹುಟ್ಟಿ ಬೆಳೆದವರು. ಎರಡನೇ ಮಹಾಯುದ್ಧ ಶುರುವಾದಾಗ ಹತ್ತು ವರ್ಷದ ಹುಡುಗಿ. 1940ರ ಜನವರಿ 8ರಂದು ಬೇಕನ್, ಬೆಣ್ಣೆ, ಸಕ್ಕರೆಗೆ ರೇಷನ್ ಬಂತು, ಆಮೇಲೆ ಮಾಂಸ, ಟೀ ಪುಡಿ, ಚೀಸ್, ಜಾಮ್ ಒಂದೊಂದಾಗಿ ಸೇರಿದವು. ವಾರಕ್ಕೆ ತಲೆಗೆ ಒಂದು ಮೊಟ್ಟೆ, ಅದೂ ಸಿಕ್ಕಿದರೆ. ಟೀ ಪುಡಿ ವಾರಕ್ಕೆ 2 ಔನ್ಸ್, ಅಂದರೆ ಸುಮಾರು 57 ಗ್ರಾಂ. ಯುದ್ಧ 1945ರಲ್ಲಿ ಮುಗಿಯಿತು, ರೇಷನ್ ಮುಗಿಯಲಿಲ್ಲ. ಯುದ್ಧ ನಡೆಯುವಾಗ ಇಲ್ಲದಿದ್ದ ಬ್ರೆಡ್ ರೇಷನ್ ಯುದ್ಧ ಮುಗಿದ ಮೇಲೆ, 1946ರಲ್ಲಿ ಬಂತು. ಕೊನೆಗೆ ಮಾಂಸದ ಮೇಲಿನ ರೇಷನ್ ತೆಗೆದದ್ದು 1954ರ ಜುಲೈ 4ಕ್ಕೆ. ನನ್ನ ಸಹೋದ್ಯೋಗಿ ಹುಟ್ಟಿದ್ದು ಅದೇ ವರ್ಷ. "ನಮ್ಮಮ್ಮನಿಗೆ ಅಡುಗೆ ಬರುತ್ತಿರಲಿಲ್ಲ ಅಂತಲ್ಲ. ಕಲಿಯೋ ವಯಸ್ಸಿನಲ್ಲಿ ಅಡುಗೆಮನೆಯಲ್ಲಿ ಏನೂ ಇರಲಿಲ್ಲ" ಅಂದರು. ಹತ್ತರಿಂದ ಇಪ್ಪತ್ತೈದು. ಒಬ್ಬ ಹೆಣ್ಣುಮಗಳು ಅಮ್ಮನ ಪಕ್ಕ ನಿಂತು ಒಗ್ಗರಣೆಯ ಹದ ಕಲಿಯುವ ವಯಸ್ಸು ಅಂತ ನಾವು ಯಾವುದನ್ನು ಅಂದುಕೊಳ್ಳುತ್ತೇವೋ, ಪೂರ್ತಿ ಆ ವಯಸ್ಸು.

ಅವರು ಹೇಳಿದ ಒಂದು ಸಂಗತಿ ನನಗೆ ಅವತ್ತೂ ತಟ್ಟಿತು, ಈಗಲೂ ತಟ್ಟುತ್ತೆ. ಈರುಳ್ಳಿ ಇರಲಿಲ್ಲ. ಆಗ ಬ್ರಿಟನ್ನಿಗೆ ಈರುಳ್ಳಿ ಹೆಚ್ಚಾಗಿ ಬರುತ್ತಿದ್ದದ್ದು ಫ್ರಾನ್ಸಿನ ಕರಾವಳಿಯಿಂದ ಮತ್ತು ಚಾನೆಲ್ ದ್ವೀಪಗಳಿಂದ. 1940ರ ಬೇಸಿಗೆಯಲ್ಲಿ ಜರ್ಮನಿ ಆ ಜಾಗಗಳನ್ನು ಹಿಡಿದುಕೊಂಡಿತು. ಈರುಳ್ಳಿ ನಿಂತೇ ಹೋಯಿತು. ಎಷ್ಟು ಅಪರೂಪವಾಯಿತು ಅಂದರೆ, ಲಾಟರಿ ಎತ್ತಿ ಗೆದ್ದವರಿಗೆ ಒಂದು ಈರುಳ್ಳಿಯನ್ನು ಬಹುಮಾನವಾಗಿ ಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಈರುಳ್ಳಿ ಹೆಚ್ಚದೆ ಬೆಳಗ್ಗೆ ಶುರುವಾಗುವುದಿಲ್ಲ. ಉಪ್ಪಿಟ್ಟಿಗೆ ಈರುಳ್ಳಿ, ಪಲ್ಯಕ್ಕೆ ಈರುಳ್ಳಿ, ಏನೂ ಇಲ್ಲದಿದ್ದರೆ ಮೊಸರನ್ನದ ಜೊತೆ ಕಚ್ಚೋಕೆ ಈರುಳ್ಳಿ. ಅದನ್ನು ಬಹುಮಾನ ಅಂತ ಕೈಯಲ್ಲಿ ಹಿಡಿದುಕೊಂಡು ಮನೆಗೆ ನಡೆದುಕೊಂಡು ಹೋದ ಒಬ್ಬ ಹೆಂಗಸನ್ನು ನೆನೆಸಿಕೊಂಡರೆ ನನಗೆ ಮಾತು ಬರುವುದಿಲ್ಲ. ಆಲೂಗಡ್ಡೆಗೆ ಮಾತ್ರ ಯುದ್ಧ ನಡೆಯುವಾಗ ರೇಷನ್ ಇರಲಿಲ್ಲ. ಈ ನೆಲದಲ್ಲೇ ಬೆಳೆಯುತ್ತಿತ್ತು, ಹಡಗಿನಲ್ಲಿ ಬರಬೇಕಿರಲಿಲ್ಲ. ಜಾಸ್ತಿ ತಿನ್ನಿ ಅಂತ ಸರ್ಕಾರವೇ ಪ್ರಚಾರ ಮಾಡುತ್ತಿತ್ತು. ಹೊಟ್ಟೆ ತುಂಬಿಸಿದ್ದು ಅದೇ. ತಟ್ಟೆಯ ಅರ್ಧ ಜಾಗವನ್ನು ಮ್ಯಾಶ್ ಇವತ್ತಿಗೂ ಹಿಡಿದುಕೊಂಡಿರುವುದನ್ನು ನೋಡಿದಾಗೆಲ್ಲ ನನಗೆ ಆ ದಿನಗಳ ನೆನಪಾಗುತ್ತದೆ, ನಾನು ಕಾಣದ ದಿನಗಳ ನೆನಪು.

ಆ ಕಾಲದಲ್ಲಿ ಊರೂರಿಗೆ 'ಬ್ರಿಟಿಷ್ ರೆಸ್ಟೋರೆಂಟ್' ಅಂತ ಸರ್ಕಾರಿ ಊಟದ ಮನೆಗಳಿದ್ದವು. ದೇಶದ ಉದ್ದಗಲಕ್ಕೂ 2,000ಕ್ಕೂ ಹೆಚ್ಚು. ಬಾಂಬ್ ಬಿದ್ದು ಮನೆ ಕಳೆದುಕೊಂಡವರು, ಕಾರ್ಖಾನೆಗೆ ಹೋಗೋ ಹೆಂಗಸರು, ಯಾರು ಬೇಕಾದರೂ 9 ಪೆನ್ಸ್ ಕೊಟ್ಟು ಬಿಸಿ ಊಟ ಮಾಡಬಹುದಿತ್ತು, ರೇಷನ್ ಕೂಪನ್ ಬೇಕಿರಲಿಲ್ಲ. ಮೊದಲು ಇವಕ್ಕೆ ಇಟ್ಟ ಹೆಸರು 'ಸಾಮೂಹಿಕ ಭೋಜನ ಕೇಂದ್ರ' ಅನ್ನೋ ಅರ್ಥದ್ದು. ಅದು ಪ್ರಧಾನಿ ಚರ್ಚಿಲ್‌ಗೆ ಹಿಡಿಸಲಿಲ್ಲ, ಹೊಸ ಹೆಸರು ಬಂದದ್ದು ಹಾಗೆ. ಇದನ್ನು ಬರೆಯುವಾಗ ಇನ್ನೊಂದನ್ನು ಬರೆಯದೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ಅದೇ ಚರ್ಚಿಲ್ ಸರ್ಕಾರದ ಕಾಲದಲ್ಲಿ, 1943ರಲ್ಲಿ, ಬಂಗಾಳದಲ್ಲಿ ಜನ ಅನ್ನವಿಲ್ಲದೆ ಸತ್ತರು. ಸುಮಾರು 30 ಲಕ್ಷ ಜನ ಅಂತ ಲೆಕ್ಕ ಹೇಳುತ್ತಾರೆ. ಇಲ್ಲಿ ಒಬ್ಬೊಬ್ಬರಿಗೂ ಇಷ್ಟಿಷ್ಟು ಅಂತ ಅಳೆದು ಕೊಡುವ ಏರ್ಪಾಟಿತ್ತು, ಅಲ್ಲಿ ಇರಲಿಲ್ಲ. ಇದು ನನ್ನ ಮನಸ್ಸಿನಿಂದ ಹೋಗುವುದಿಲ್ಲ, ಹೋಗಲೂಬಾರದು. ಹಾಗಂತ ಆಸ್ಟನ್ನಿನ ಆ ಹತ್ತು ವರ್ಷದ ಹುಡುಗಿಯ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಮೆಣಸು ತಂದವಳು ಅವಳಲ್ಲ, ಅಕ್ಕಿ ತಡೆದವಳೂ ಅವಳಲ್ಲ. ನಾನು ಆಡಿದ ಮಾತು ಈಸ್ಟ್ ಇಂಡಿಯಾ ಕಂಪನಿಯವರಿಗೆ ಸಲ್ಲಬೇಕಾದದ್ದು. ಹೋಗಿ ಬಿದ್ದದ್ದು ಆ ಹುಡುಗಿಯ ತಟ್ಟೆಗೆ.

ಅವತ್ತು ನಾನು ಕ್ಷಮೆ ಕೇಳಿದೆ. ಅವರು "ಅಯ್ಯೋ, ಬಿಡು" ಅಂದರು. ಆದರೆ ನಿಜ ಹೇಳಬೇಕು ಅಂದರೆ, ಊಟ ಮಾತ್ರ ನನಗೆ ಇನ್ನೂ ಸಪ್ಪೆಯಾಗಿಯೇ ಇತ್ತು.

ಅಮ್ಮನ ತಟ್ಟೆ

2018ರ ಅಕ್ಟೋಬರ್‌ನಲ್ಲಿ ಅಮ್ಮ ಬಂದಳು. ಒಂದು ಶನಿವಾರ ಟಿವಿಡೇಲ್‌ನ ಬಾಲಾಜಿ ದೇವಸ್ಥಾನಕ್ಕೆ ಹೋಗಿದ್ದೆವು. ಇಲ್ಲಿರುವ ದಕ್ಷಿಣದವರಿಗೆಲ್ಲ ಅದೇ ತಿರುಪತಿ. ಬರುವಾಗ ಮಳೆ. ನಮ್ಮೂರಿನ ಹಾಗೆ ಧೋ ಅಂತ ಸುರಿದು ನಿಲ್ಲೋ ಮಳೆಯಲ್ಲ, ಬೆಳಗ್ಗಿಂದ ಸಂಜೆವರೆಗೂ ಜಿನುಗುತ್ತಾ ಮೂಳೆಗೆ ಇಳಿಯೋ ಮಳೆ. ಬಸ್ಸಿಳಿದಾಗ ಅಮ್ಮನ ಸೀರೆಯ ಅಂಚು ಒದ್ದೆ, ಸಾಕ್ಸ್ ಒದ್ದೆ, ಹಸಿವು ಬೇರೆ. ಮನೆಗೆ ಇನ್ನೊಂದು ಬಸ್ ಹಿಡಿಯಬೇಕು. ನಡೆಯುವ ದೂರದಲ್ಲಿ ಬಿಸಿ ಊಟ ಸಿಗೋ ಜಾಗ ಅಂತ ನನಗೆ ಹೊಳೆದದ್ದು ಅದೇ ಹೋಟೆಲು.

ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನಾನು ಇಲ್ಲಿಗೆ ಬಂದ ಮೇಲೆ ತಿನ್ನೋಕೆ ಕಲಿತೆ, ಅಮ್ಮನಿಗೆ ಗೊತ್ತು, ಆ ಬಗ್ಗೆ ಅವಳು ಏನೂ ಅನ್ನುವುದಿಲ್ಲ. ಆರ್ಡರ್ ತೆಗೆದುಕೊಳ್ಳಲು ಬಂದ ಹುಡುಗಿಗೆ ಎಲ್ಲ ವಿವರಿಸಿದೆ. ಅವಳು ಒಳಗೆ ಹೋಗಿ ಕೇಳಿಕೊಂಡು ಬಂದಳು. ಚೀಸ್ ಮತ್ತು ಈರುಳ್ಳಿ ಪೈನಲ್ಲಿ ಮಾಂಸ ಇಲ್ಲ, ಆದರೆ ಮೇಲಿನ ಹಿಟ್ಟಿಗೆ ಹೊಳಪು ಬರಲು ಮೊಟ್ಟೆ ಸವರುತ್ತಾರೆ. ಗ್ರೇವಿ ದನದ ಮಾಂಸದ ರಸದ್ದು. "ಹದಿನೈದು ನಿಮಿಷ ಕೊಡಿ, ಅಮ್ಮನಿಗೆ ಬರೀ ಬೆಣ್ಣೆ, ಈರುಳ್ಳಿಯಲ್ಲಿ ಬೇರೆ ಗ್ರೇವಿ ಮಾಡ್ತಾರಂತೆ" ಅಂದಳು. ಯಾರೂ ಮುಖ ಸಿಂಡರಿಸಲಿಲ್ಲ. ಒಬ್ಬ ವಯಸ್ಸಾದ ಹೆಂಗಸಿಗೋಸ್ಕರ ಒಂದು ಒಲೆ, ಒಂದು ಬಾಣಲೆ, ಶನಿವಾರ ಮಧ್ಯಾಹ್ನದ ಆ ಗಲಾಟೆಯಲ್ಲಿ. (ಇಲ್ಲಿ ಸಸ್ಯಾಹಾರಿಗಳು ಸಿಹಿಯಲ್ಲೂ ಕೇಳಿ ತಿನ್ನಬೇಕು. ಹಬೆಯಲ್ಲಿ ಬೇಯಿಸುವ ಎಷ್ಟೋ ಹಳೇ ಪುಡಿಂಗ್‌ಗಳಿಗೆ ಸೂಯೆಟ್ ಅಂತ ದನದ ಕೊಬ್ಬು ಹಾಕುತ್ತಾರೆ. ಸಸ್ಯದ ಎಣ್ಣೆಯದೂ ಸಿಗುತ್ತೆ, ಹಾಗಾಗಿ ಕೇಳುವುದೇ ದಾರಿ.)

ತಟ್ಟೆ ಬಂತು. ಮ್ಯಾಶ್, ಮಶಿ ಪೀಸ್ ಅನ್ನೋ ಬಟಾಣಿ ಮುದ್ದೆ, ಬೆಣ್ಣೆಯಲ್ಲಿ ಹುರಿದ ಕ್ಯಾರೆಟ್, ಸಣ್ಣ ಪಿಂಗಾಣಿ ಜಗ್‌ನಲ್ಲಿ ಕಂದು ಬಣ್ಣದ ಈರುಳ್ಳಿ ಗ್ರೇವಿ. ನಾನು ಮೊದಲೇ ಹೇಳಿದೆ, "ಅಮ್ಮ, ಸ್ವಲ್ಪ ಸಪ್ಪೆ ಇರುತ್ತೆ, ಬೇಜಾರು ಮಾಡ್ಕೋಬೇಡ." ಅಮ್ಮ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಚಮಚ ತೆಗೆದುಕೊಂಡಳು. ಮ್ಯಾಶ್‌ನ ಗುಡ್ಡದ ನೆತ್ತಿಯನ್ನು ಚಮಚದ ಬೆನ್ನಿನಿಂದ ಮೆತ್ತಗೆ ಒತ್ತಿ, ಸುತ್ತ ತಿರುಗಿಸಿ, ನಡುವೆ ಒಂದು ಗುಳಿ ಮಾಡಿದಳು. ಜಗ್ ಎತ್ತಿ ಗುಳಿ ತುಂಬುವಷ್ಟು ಗ್ರೇವಿ ಬಿಟ್ಟಳು. ಒಂದು ಪಕ್ಕ ಬಟಾಣಿಯನ್ನು ಎಳೆದುಕೊಂಡಳು. ಆಮೇಲೆ ಕಟ್ಟೆ ಒಡೆಯದ ಹಾಗೆ ಅಂಚಿನಿಂದ ಒಂದೊಂದು ಚಮಚವೇ ಕಲಸಿಕೊಂಡು ತಿನ್ನತೊಡಗಿದಳು. ಅನ್ನಕ್ಕೆ ಗುಳಿ ಮಾಡಿ ಸಾರು ಹಾಕಿಸಿಕೊಂಡು ತಿನ್ನುವಾಗ ಮಾಡುತ್ತಾಳಲ್ಲ, ಅದೇ ಕೈ, ಅದೇ ಅವಸರವಿಲ್ಲದ ರೀತಿ. ನಾಲ್ಕು ತುತ್ತು ಆದ ಮೇಲೆ ನನ್ನ ತಟ್ಟೆ ನೋಡಿದಳು.

"ನೀನ್ಯಾಕೇ ಹಿಂಗೆ ಒಂದೊಂದೇ ತಿಂತಿದೀಯ? ಬರೀ ಅನ್ನ ತಿಂದ್ರೆ ಯಾರಿಗೆ ರುಚಿ ಆಗುತ್ತೆ?"

ಅಷ್ಟೇ. ನನಗೆ ಬೇರೆ ಏನೂ ತೋಚಲಿಲ್ಲ. ಒಮ್ಮೆ ಹಾಸನದಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆಗೆ ಒಬ್ಬ ವಿದೇಶಿ ಅತಿಥಿ ಬಂದಿದ್ದರು. ಎಲೆಯ ಮೇಲೆ ಅನ್ನ ಬಡಿಸಿದ ಕೂಡಲೇ ಬರೀ ಅನ್ನವನ್ನೇ ತಿಂದು ಮುಗಿಸಿದರು. ಆಮೇಲೆ ಸಾರನ್ನು ಲೋಟದಲ್ಲಿ ಕೇಳಿ ಕುಡಿದರು. ಆಮೇಲೆ ಉಪ್ಪಿನಕಾಯಿಯನ್ನು ಪಲ್ಯದ ಹಾಗೆ ಬಾಯಿ ತುಂಬ ಹಾಕಿಕೊಂಡು ಕಣ್ಣಲ್ಲಿ ನೀರು ತಂದುಕೊಂಡರು. ನಮಗೆಲ್ಲ ಪಾಪ ಅನ್ನಿಸಿತ್ತು, ಯಾರಾದರೂ ಹೇಳಿಕೊಡಬಾರದಿತ್ತಾ ಅಂತ. ನಾನು ನಾಲ್ಕು ವರ್ಷ ಮಾಡಿದ್ದೂ ಅದೇ. ಮ್ಯಾಶ್ ಪಲ್ಯ ಅಲ್ಲ, ಅದು ಅನ್ನ. ಅದಕ್ಕೆ ತನ್ನದೇ ರುಚಿ ಇರಬೇಕು ಅಂತ ಯಾರೂ ಅಂದುಕೊಂಡಿಲ್ಲ. ಗ್ರೇವಿಯನ್ನು ಬೇರೆ ಜಗ್‌ನಲ್ಲಿ ಕೊಡುವುದು, ಸಾಸ್ ವಿನೆಗರ್ ಎಲ್ಲ ಮೇಜಿನ ಮೇಲೆ ಇಡುವುದು, ಇದೆಲ್ಲ ಅಡುಗೆಯ ಕೊನೆಯ ಕೆಲಸವನ್ನು ತಿನ್ನುವವರ ಕೈಗೆ ಬಿಟ್ಟದ್ದು. ಎಲೆಯ ತುದಿಗೆ ಮೊದಲು ಉಪ್ಪು ಹಾಕಿ, ಉಪ್ಪಿನಕಾಯಿ ಹಾಕಿ, ಕಲಸಿಕೊಳ್ಳೋದು ನಿಮಗೆ ಬಿಟ್ಟದ್ದು ಅನ್ನೋ ಹಾಗೆ ನಾವೂ ಬಡಿಸುವುದಿಲ್ವಾ?

ಪಕ್ಕದ ಮೇಜಿನಲ್ಲಿ ಒಬ್ಬ ಅಜ್ಜ, ನಾಲ್ಕೈದು ವರ್ಷದ ಮೊಮ್ಮಗ. ಅಜ್ಜ ಹುಡುಗನ ಮ್ಯಾಶ್‌ಗೆ ಚಮಚದಿಂದ ಗುಳಿ ಮಾಡಿ ಕೊಡುತ್ತಿದ್ದರು. ಹುಡುಗನಿಗೆ ಇನ್ನೂ ಆಳ ಬೇಕು. ಅವರು ಇನ್ನೊಂದು ಸುತ್ತು ತಿರುಗಿಸಿದರು. ಹುಡುಗ ಎರಡೂ ಕೈಯಲ್ಲಿ ಜಗ್ ಹಿಡಿದು ಗ್ರೇವಿ ಸುರಿದ, ಒಂದು ಕಡೆ ಕಟ್ಟೆ ಒಡೆದು ಹರಿಯಿತು, ಅಜ್ಜ ಫೋರ್ಕಿನಿಂದ ಮ್ಯಾಶ್ ಎಳೆದು ಮುಚ್ಚಿದರು. ಅಮ್ಮ ನೋಡುತ್ತಲೇ ಇದ್ದಳು. ಗದ್ದೆಯ ಬದು ಒಡೆದಾಗ ನಮ್ಮಪ್ಪ ಗುದ್ದಲಿಯಲ್ಲಿ ಮಣ್ಣೆಳೆದು ಮುಚ್ಚುತ್ತಿದ್ದದ್ದು ನನಗೆ ನೆನಪಾಯಿತು. ಅವಳಿಗೂ ಅದೇ ನೆನಪಾಯಿತೋ ಏನೋ, ನಾನು ಕೇಳಲಿಲ್ಲ.

ಬಾಟಲಿಯೊಳಗಿನ ಹುಣಸೆಹಣ್ಣು

ಊಟದ ನಡುವೆ ಅಮ್ಮ ಬ್ರೌನ್ ಸಾಸ್ ಬಾಟಲಿ ಎತ್ತಿ ಮೂಸಿದಳು. ಒಂದು ಹನಿ ಬೆರಳಿಗೆ ಹಾಕಿಕೊಂಡು ನೆಕ್ಕಿದಳು. "ಹುಣಸೆಹಣ್ಣು" ಅಂದಳು. ಇನ್ನೊಂದು ಸಲ ನೆಕ್ಕಿ, "ಖರ್ಜೂರ. ಬೆಲ್ಲ ಅಲ್ಲ, ಕಾಕಂಬಿ ಹಾಕಿದಾರೆ" ಅಂದಳು. ನನಗೆ ನಂಬಿಕೆ ಬರಲಿಲ್ಲ. ನಾಲ್ಕು ವರ್ಷದಿಂದ ಆ ಬಾಟಲಿಯನ್ನು ನೋಡುತ್ತಿದ್ದೆ, ಹಿಂದಿನ ಚೀಟಿಯನ್ನು ಒಂದು ದಿನವೂ ಓದಿರಲಿಲ್ಲ. ಓದಿದೆ. ಟೊಮೆಟೊ, ವಿನೆಗರ್, ಕಾಕಂಬಿ, ಖರ್ಜೂರ, ಹುಣಸೆಹಣ್ಣು, ಮಸಾಲೆ. ಅಮ್ಮ ತಟ್ಟೆಯ ಅಂಚಿನಲ್ಲಿ ಗೊಜ್ಜಿನ ಹಾಗೆ ಸ್ವಲ್ಪ ಹಾಕಿಕೊಂಡು, ತುತ್ತಿಗೊಂದು ಸಲ ಮುಟ್ಟಿಸಿ ತಿಂದಳು.

ಅದು ಎಚ್‌ಪಿ ಸಾಸ್. ಮೇಲಿನ ಚೀಟಿಯಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದ ಚಿತ್ರ. ಇದನ್ನು ಮೊದಲು ಮಾಡಿದ್ದು ನಾಟಿಂಗ್‌ಹ್ಯಾಮ್‌ನ ಒಬ್ಬ ದಿನಸಿ ಅಂಗಡಿಯವರು, ಫ್ರೆಡ್ರಿಕ್ ಗಿಬ್ಸನ್ ಗಾರ್ಟನ್, 1890ರ ದಶಕದಲ್ಲಿ. ಆಮೇಲೆ ಅದು ಬರ್ಮಿಂಗ್‌ಹ್ಯಾಮ್‌ನ ವಿನೆಗರ್ ಕಂಪನಿಯೊಂದರ ಕೈ ಸೇರಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಇದೇ ಆಸ್ಟನ್‌ನ ಕಾರ್ಖಾನೆಯಲ್ಲಿ ತಯಾರಾಯಿತು. 2007ರಲ್ಲಿ ಕಾರ್ಖಾನೆ ಮುಚ್ಚಿತು, ಈಗ ನೆದರ್ಲೆಂಡ್ಸ್‌ನಲ್ಲಿ ಆಗುತ್ತದೆ. ನನ್ನ ಸಹೋದ್ಯೋಗಿ ಆ ಕಾರ್ಖಾನೆಯ ವಾಸನೆಯಲ್ಲೇ ಬೆಳೆದವರು. ಬಟ್ಟೆ ಒಣಗಲು ಹಾಕಿದರೆ ಒಮ್ಮೊಮ್ಮೆ ವಿನೆಗರ್ ವಾಸನೆ ಕೂರುತ್ತಿತ್ತು ಅಂತ ಹೇಳುತ್ತಿದ್ದರು. ಅಷ್ಟು ಹೊತ್ತಿಗಾಗಲೇ ಅವರ ಬಾಯಲ್ಲಿ ಹುಣಸೆಹಣ್ಣು ಇತ್ತು ಅನ್ನೋದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಬಟಾಣಿಯೂ ಹಾಗೇ. ಮಶಿ ಪೀಸ್ ಅಂದರೆ ಹಸಿ ಬಟಾಣಿ ಅಲ್ಲ. ದೊಡ್ಡ ಕಾಳಿನ ಒಣಬಟಾಣಿಯನ್ನು ರಾತ್ರಿ ಅಡುಗೆ ಸೋಡಾ ಹಾಕಿ ನೆನೆಸಿ, ಬೆಳಗ್ಗೆ ತೊಳೆದು, ಕಾಳು ಒಡೆದು ಮುದ್ದೆಯಾಗುವ ತನಕ ಸಣ್ಣ ಉರಿಯಲ್ಲಿ ಬೇಯಿಸಿದ್ದು. ಬೆಂಗಳೂರಿನ ಸಂಜೆಯ ಗಾಡಿಗಳಲ್ಲಿ ದೊಡ್ಡ ತವೆಯ ಮೇಲೆ ಕುದಿಯುತ್ತಿರುತ್ತಲ್ಲ, ಮಸಾಲೆ ಪುರಿಯ ಬಟಾಣಿ, ಅದರ ಶುರು ಹೀಗೇ ಅಲ್ವಾ? ಆ ಬಟಾಣಿ, ಮೇಲೆ ಹುಣಸೆ ಖರ್ಜೂರದ ಸಿಹಿ ಚಟ್ನಿ. ಡಿಗ್‌ಬೆತ್‌ನ ಮೇಜಿನ ಮೇಲೂ ಅವೆರಡೂ ಇದ್ದವು. ನಾನು ಒಂದು ಚಮಚ ಬಟಾಣಿಗೆ ಸ್ವಲ್ಪ ಸಾಸ್ ಹಾಕಿ ಕಣ್ಣು ಮುಚ್ಚಿ ತಿಂದೆ. ಖಾರ ಇಲ್ಲ, ಸೋಂಪಿನ ಪರಿಮಳ ಇಲ್ಲ. ಆದರೂ ಜಯನಗರದ ಫೋರ್ತ್ ಬ್ಲಾಕ್ ಕಾಲು ಭಾಗ ಕಣ್ಮುಂದೆ ಬಂತು.

ಎಲ್ಲವೂ ಹೀಗೆ ಹೊಂದಿಕೊಳ್ಳುತ್ತೆ ಅಂತ ನಾನು ಹೇಳುವುದಿಲ್ಲ. ಸೊಪ್ಪು ತರಕಾರಿಯನ್ನು ಬಣ್ಣ ಹೋಗುವವರೆಗೂ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಬಡಿಸುವುದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಆ ನೀರಲ್ಲೇ ಬಸ್ಸಾರು ಮಾಡುವ ಮನೆಯಿಂದ ಬಂದವಳು ನಾನು. ಹೋಟೆಲುಗಳೂ ಎಲ್ಲ ಒಂದೇ ಥರ ಇಲ್ಲ. ಒಂದು ಕಡೆ ಮ್ಯಾಶ್‌ನ ನಡುಭಾಗ ಇನ್ನೂ ಐಸ್ ಆಗಿಯೇ ಇತ್ತು, ಪ್ಯಾಕೆಟ್ಟಿಂದ ತೆಗೆದು ಬಿಸಿ ಮಾಡಿದ್ದು. ಈಗ ನಾನು ಎರಡು ಸಂಗತಿ ನೋಡಿ ಕೂರುತ್ತೇನೆ. ಮ್ಯಾಶ್ ಅವತ್ತೇ ಮಾಡಿದ್ದಾ ಅಂತ ಕೇಳುತ್ತೇನೆ. ಗ್ರೇವಿ ಬೇರೆ ಜಗ್‌ನಲ್ಲಿ ಕೊಡುತ್ತಾರಾ ಅಂತ ಪಕ್ಕದ ಮೇಜು ನೋಡುತ್ತೇನೆ. ಮೊದಲೇ ಎಲ್ಲದರ ಮೇಲೂ ಸುರಿದು ತರುವ ಕಡೆ ನನಗೆ ಇಷ್ಟವಾಗುವುದಿಲ್ಲ. ಸಾರು ಎಷ್ಟು ಬೇಕು ಅಂತ ಊಟ ಮಾಡುವವರನ್ನು ಕೇಳದೆ ಬಡಿಸಿದ ಹಾಗೆ ಅದು.

ಮೆನುವಿನಲ್ಲಿ ಇನ್ನೊಂದು ಹೆಸರು ನನಗೆ ತುಂಬ ಇಷ್ಟ. ಬಬಲ್ ಅಂಡ್ ಸ್ಕ್ವೀಕ್. ಭಾನುವಾರದ ಊಟದಲ್ಲಿ ಉಳಿದ ಆಲೂಗಡ್ಡೆ, ಎಲೆಕೋಸನ್ನು ಸೋಮವಾರ ಬಾಣಲೆಯಲ್ಲಿ ಒತ್ತಿ, ತಳ ಕೆಂಪಗೆ ಸೀಯುವ ಹಾಗೆ ಕಾಯಿಸುವುದು. ಬಾಣಲೆಯಲ್ಲಿ ಅದು ಮಾಡುವ ಸದ್ದೇ ಅದರ ಹೆಸರು. ಈಗ ಹೋಟೆಲಿನಲ್ಲಿ ಅದಕ್ಕೆಂದೇ ಹೊಸದಾಗಿ ಆಲೂಗಡ್ಡೆ ಬೇಯಿಸಿ ಮಾಡುತ್ತಾರೆ. ನಮ್ಮ ಚಿತ್ರಾನ್ನವೂ ಹಾಗೇ ಆಯಿತಲ್ಲ. ರಾತ್ರಿ ಉಳಿದ ಅನ್ನಕ್ಕೆ ಬೆಳಗ್ಗೆ ಒಗ್ಗರಣೆ ಹಾಕುತ್ತಿದ್ದದ್ದು, ಈಗ ದರ್ಶಿನಿಗಳಲ್ಲಿ ಬಿಸಿ ಅನ್ನ ಮಾಡಿ ಆರಿಸಿ ಕಲಸುತ್ತಾರೆ. ಉಳಿದದ್ದನ್ನು ಬಿಸಾಡಬಾರದು ಅಂತ ಹುಟ್ಟಿದ ರುಚಿ, ಉಳಿಯದೇ ಇದ್ದರೂ ಬೇಕು ಅನ್ನಿಸುವಷ್ಟು ನಾಲಿಗೆಗೆ ಹತ್ತಿಬಿಟ್ಟಿದೆ.

"ಇದು ಯಾವ ಗೆಡ್ಡೆ?"

ನಮ್ಮದು ಹಾಸನದ ಹತ್ತಿರ ಆಲೂಗಡ್ಡೆ ಬೆಳೆಯುತ್ತಿದ್ದ ಮನೆ. ಆ ಕಡೆಯವರಿಗೆ ಗೊತ್ತು, ಮೇ ತಿಂಗಳಲ್ಲಿ ಪಂಜಾಬಿನ ಜಲಂಧರ್‌ನಿಂದ ಬೀಜದ ಗೆಡ್ಡೆ ಲಾರಿಗಟ್ಟಲೆ ಬಂದಿಳಿದರೆ ಊರೆಲ್ಲ ಎಪಿಎಂಸಿ ಕಡೆ ಹೊರಡುತ್ತೆ. ಹಾಗಾಗಿ ಅಮ್ಮ ಮ್ಯಾಶ್ ಮುಗಿಸಿ ಕೇಳಿದ ಮೊದಲ ಪ್ರಶ್ನೆ, "ಇದು ಯಾವ ಗೆಡ್ಡೆ ಅಂತ ಕೇಳು." ಹುಡುಗಿ ಮತ್ತೆ ಒಳಗೆ ಹೋಗಿ ಬಂದಳು. ಮಾರಿಸ್ ಪೈಪರ್. 1966ರಲ್ಲಿ ಬಂದ ತಳಿ, ಈ ದೇಶದಲ್ಲಿ ಚಿಪ್ಸ್‌ಗೂ ಮ್ಯಾಶ್‌ಗೂ ಅದೇ ಬೇಕು ಅನ್ನುತ್ತಾರೆ. "ಹಿಟ್ಟು ಜಾಸ್ತಿ, ನೀರು ಕಮ್ಮಿ. ಅದಕ್ಕೇ ಅಂಟು ಬಂದಿಲ್ಲ, ಹಿಂಗೆ ಹತ್ತಿ ಥರ ಬಂದಿದೆ" ಅಂದಳು ಅಮ್ಮ. ಬೆಂದ ಮೇಲೆ ಬಿಸಿ ಇರುವಾಗಲೇ ಹಿಸುಕಿದ್ದಾರೆ, ಹಾಲನ್ನೂ ಬಿಸಿ ಮಾಡಿಯೇ ಹಾಕಿದ್ದಾರೆ, ತಣ್ಣನೆ ಹಾಲು ಹಾಕಿದ್ದರೆ ಹೀಗೆ ಬರುತ್ತಿರಲಿಲ್ಲ, ಅದೂ ಅವಳೇ ಹೇಳಿದ್ದು. ಅಡುಗೆಯವರನ್ನು ನೋಡಿರಲಿಲ್ಲ, ಅಡುಗೆಮನೆಗೆ ಹೋಗಿರಲಿಲ್ಲ.

ನಮ್ಮ ಮನೆಯವರು ಆಲೂಗಡ್ಡೆ ಹಾಕುವುದನ್ನು ಬಿಟ್ಟು ಬಹಳ ವರ್ಷ ಆಯಿತು. ಅಂಗಮಾರಿ ರೋಗ. ಮೋಡ ಕವಿದು 4 ದಿನ ಜಿಟಿಜಿಟಿ ಮಳೆ ಹಿಡಿದರೆ ಎಲೆಯ ಮೇಲೆ ನೀರಲ್ಲಿ ನೆಂದ ಹಾಗೆ ಕಪ್ಪು ಚುಕ್ಕೆ ಬೀಳುತ್ತದೆ, ಎಲೆ ಮಗುಚಿದರೆ ಬೂಷ್ಟಿನ ಹಾಗೆ ಬಿಳಿ. ವಾರದೊಳಗೆ ಹೊಲ ಪೂರ್ತಿ ಕರಕಲು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ವರ್ಷ ಅಪ್ಪ ಬೆಳಗ್ಗೆ ಹೊಲಕ್ಕೆ ಹೋದವರು ಹತ್ತೇ ನಿಮಿಷಕ್ಕೆ ವಾಪಸ್ ಬಂದು, ಚಪ್ಪಲಿ ಬಿಡದೆ ಜಗಲಿಯ ಮೇಲೆ ಕೂತುಬಿಟ್ಟಿದ್ದರು. 1845ರಲ್ಲಿ ಐರ್ಲೆಂಡಿನ ಹೊಲಗಳನ್ನು ಸುಟ್ಟದ್ದೂ ಇದೇ ರೋಗ. ಅಲ್ಲಿ ಬಡವರಿಗೆ ಆಲೂಗಡ್ಡೆ ಬಿಟ್ಟರೆ ಬೇರೆ ಊಟವೇ ಇರಲಿಲ್ಲ. ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಊರು ಬಿಟ್ಟರು. ಹಾಗೆ ಬಂದವರಲ್ಲಿ ಎಷ್ಟೋ ಮಂದಿ ನೆಲೆಯಾದದ್ದು ಇದೇ ಡಿಗ್‌ಬೆತ್‌ನಲ್ಲಿ. ಈಗಲೂ ಇದನ್ನು ಐರಿಷರ ಕೇರಿ ಅಂತಲೇ ಕರೆಯುತ್ತಾರೆ. ನಾನು ಅಮ್ಮನಿಗೆ ಇದನ್ನು ಹೇಳಿದೆ. ಅವಳು ಖಾಲಿ ತಟ್ಟೆ ನೋಡುತ್ತಾ, "ಅವ್ರಿಗೂ ಬಂದಿತ್ತಾ ಅದು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆಮೇಲೂ ತಿನ್ನೋದು ಬಿಡಲಿಲ್ಲ ನೋಡು" ಅಂದಳು.

ಕೊನೆಗೆ ಸಿಹಿ. ಆಪಲ್ ಕ್ರಂಬಲ್ ಮತ್ತು ಕಸ್ಟರ್ಡ್. ಕ್ರಂಬಲ್‌ನಲ್ಲಿ ಬೆಣ್ಣೆ, ಹಿಟ್ಟು, ಸಕ್ಕರೆ, ಸೇಬು ಅಷ್ಟೇ. ಕಸ್ಟರ್ಡ್‌ನಲ್ಲಿ ಮೊಟ್ಟೆ ಇರಬಹುದು ಅಂತ ನಾನು ಕೇಳಿದೆ. ಹುಡುಗಿ ಸ್ವಲ್ಪ ಸಂಕೋಚದಿಂದ, "ಇಲ್ಲ, ನಮ್ಮದು ಬರ್ಡ್ಸ್ ಪುಡಿಯದು" ಅಂದಳು. ಅವಳಿಗೆ ಸಂಕೋಚ, ನನಗೆ ಖುಷಿ. ಆಲ್ಫ್ರೆಡ್ ಬರ್ಡ್ ಅನ್ನುವವರು ಇದೇ ಬರ್ಮಿಂಗ್‌ಹ್ಯಾಮ್‌ನಲ್ಲಿ ಔಷಧಿ ಅಂಗಡಿ ಇಟ್ಟಿದ್ದರು. ಅವರ ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲ. ಕಸ್ಟರ್ಡ್ ಅಂದರೆ ಮೊಟ್ಟೆಯದೇ ಆಗಿದ್ದ ಕಾಲ. ಹೆಂಡತಿಯೂ ತಿನ್ನಲಿ ಅಂತ 1837ರಲ್ಲಿ ಅವರು ಮುಸುಕಿನ ಜೋಳದ ಹಿಟ್ಟಿನಿಂದ ಮೊಟ್ಟೆಯಿಲ್ಲದ ಕಸ್ಟರ್ಡ್ ಮಾಡಿದರು. ನಮ್ಮ ಮನೆಗಳಲ್ಲಿ ಫ್ರೂಟ್ ಸಲಾಡಿಗೆ ಹಾಕುವ ಡಬ್ಬಿಯ ಹಳದಿ ಪುಡಿಯ ಮೂಲವೂ ಅದೇ. ಆ ಪುಡಿ ಮಾಡುತ್ತಿದ್ದ ಹಳೇ ಕಾರ್ಖಾನೆ ಈಗ ಅಂಗಡಿ, ಸ್ಟುಡಿಯೋಗಳ ಜಾಗ. ಕಸ್ಟರ್ಡ್ ಫ್ಯಾಕ್ಟರಿ ಅನ್ನೋ ಹೆಸರು ಹಾಗೇ ಉಳಿದಿದೆ. ನಾವು ಕೂತಿದ್ದ ಕಡೆಯಿಂದ ಐದೇ ನಿಮಿಷದ ನಡಿಗೆ. ಅಮ್ಮ ಬಿಸಿ ಕಸ್ಟರ್ಡನ್ನು ಬಟ್ಟಲಿನ ಅಂಚಿನಿಂದ ಬಳಿದು ಬಳಿದು ತಿಂದಳು. ಆ ಹೆಣ್ಣುಮಗಳ ಹೆಸರೇನು ಅಂತ ಕೇಳಿದಳು. ಎಲಿಜಬೆತ್ ಅಂದೆ.

ಆಮೇಲೆ

ಸಹೋದ್ಯೋಗಿ 2019ರಲ್ಲಿ ನಿವೃತ್ತರಾದರು. ಆಗ ನಾನೇ ಅವರನ್ನು ಅದೇ ಹೋಟೆಲಿಗೆ ಕರೆದುಕೊಂಡು ಹೋದೆ. ಕೂತ ಕೂಡಲೇ ಮ್ಯಾಶ್‌ಗೆ ಗುಳಿ ಮಾಡಿ ಈರುಳ್ಳಿ ಗ್ರೇವಿ ಹಾಕಿಕೊಂಡೆ. ಬಟಾಣಿ ಫೋರ್ಕಿನಿಂದ ಉರುಳದ ಹಾಗೆ ಮೊದಲು ಸ್ವಲ್ಪ ಮ್ಯಾಶ್ ಹಿಡಿದು, ಅದಕ್ಕೆ ಬಟಾಣಿ ಅಂಟಿಸಿ ಎತ್ತುವುದನ್ನು ಅವತ್ತು ಅವರು ತೋರಿಸಿಕೊಟ್ಟರು. ನಾನು ಅಮ್ಮನ ಕಥೆ ಹೇಳಿದೆ. "ಮೊದಲ ಸಲ ಬಂದಾಗಲೇ ನೀವು ಯಾಕೆ ಹೇಳಿಕೊಡಲಿಲ್ಲ?" ಅಂತ ಕೇಳಿದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಎಲ್ಲರಿಗೂ ಗೊತ್ತಿರುತ್ತೆ ಅಂದುಕೊಂಡಿದ್ದೆ. ನಿನಗೆ ಹಾಗೇ ಇಷ್ಟ ಅಂದುಕೊಂಡೆ" ಅಂದರು. ಬಾಟಲಿಯ ಚೀಟಿ ತೋರಿಸಿದಾಗ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ಅಮ್ಮ ಈಗ ಹಾಸನದಲ್ಲಿದ್ದಾಳೆ. ಕಳೆದ ತಿಂಗಳು ಪಕ್ಕದ ಮನೆಯ ಮಗುವಿಗೆ ಜ್ವರ ಬಂದು ಏನೂ ತಿನ್ನುತ್ತಿರಲಿಲ್ಲವಂತೆ. ಆಲೂಗಡ್ಡೆ ಬೇಯಿಸಿ, ಬಿಸಿ ಹಾಲು ಬೆಣ್ಣೆ ಹಾಕಿ ಹಿಸುಕಿ, ನಡುವೆ ಗುಳಿ ಮಾಡಿ ತಿಳಿಸಾರು ಬಿಟ್ಟುಕೊಟ್ಟಳಂತೆ. ಮಗು ತಿಂದಿತಂತೆ.

"ಆದ್ರೆ ಅಂಟಂಟಾಯ್ತು ಕಣೇ" ಅಂದಳು ಫೋನಿನಲ್ಲಿ. "ನಮ್ಮ ಗೆಡ್ಡೆ ಸಾಗುಗೇ ಸರಿ. ಆ ಪೈಪರ್‌ದು ಒಂದು ನಾಲ್ಕು ಗೆಡ್ಡೆ ಬೀಜಕ್ಕೆ ತರೋಕಾಗುತ್ತಾ?"

ವಿಮಾನದಲ್ಲಿ ಹಾಗೆಲ್ಲ ಬೀಜದ ಗೆಡ್ಡೆ ತರೋಕೆ ಬಿಡಲ್ಲಮ್ಮ, ಗೆಡ್ಡೆಯ ಜೊತೆ ರೋಗ ಬರುತ್ತೆ ಅಂತ, ಅಂದೆ.

"ಅಂಗಮಾರಿನಾ?"

"ಹ್ಞೂಂ, ಅದೂ."

"ಬೇಡ ಹಂಗಾದ್ರೆ" ಅಂದಳು. "ಆ ಹುಣಸೆಹಣ್ಣಿನ ಬಾಟ್ಲಿ ತಗೊಂಡ್ ಬಾ."